ಬೋರವ್ವನ ಛತ್ರಿ ಫ್ರಾಕು

ಕಮತಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೋರವ್ವ ಹೊಲಿಗೆ ಯಂತ್ರವನ್ನು ಹೊಸ್ತಿಲ ತನಕ ಎಳೆದುಕೊಂಡು ಕೂತಿದ್ದಾಳೆ. ಕರೆಂಟು ಹೋಗಿ ಎರಡು ದಿನವಾಗಿದೆ, ಬೀದಿಯಿಂದ ಬರುವ ಹಗಲ ಬೆಳಕೇ ಆಗಬೇಕು. ಮಡಿಲ ತುಂಬ ಬಲೆಯಂಥ ಗುಲಾಬಿ ಬಣ್ಣದ ಜಾಳಿಗೆ ಬಟ್ಟೆ, ಬಾಯಲ್ಲಿ ಮೂರು ಗುಂಡುಸೂಜಿ. ಅಂಗಳದ ಹಗ್ಗದ ಮೇಲೆ ಹನ್ನೊಂದು ಫ್ರಾಕುಗಳು ತಲೆಕೆಳಗಾಗಿ ಜೋತುಬಿದ್ದಿವೆ. ಒಂದೊಂದೂ ಬಿಚ್ಚಿದ ಛತ್ರಿಯಷ್ಟು ಅಗಲ. ಹನ್ನೆರಡನೆಯದು ಅವಳ ಕೈಯಲ್ಲಿದೆ. ಒಂಬತ್ತರ ಬಸ್ಸಿಗೆ ಹನ್ನೆರಡೂ ಬಾಗಲಕೋಟೆಗೆ ಹೋಗಬೇಕು.

ಈ ಸಲ ಪ್ರತಿ ಫ್ರಾಕಿನ ಸೊಂಟದ ಒಳಗೆ ಎರಡು ಬೆರಳಗಲದ ಬಿಳಿ ಪಟ್ಟಿಯೊಂದಿದೆ. ಅದರ ಮೇಲೆ ಕೆಂಪು ದಾರದಲ್ಲಿ 'ಬೋರವ್ವ, ಕಮತಗಿ' ಎಂದು ಹೊಲಿದಿದ್ದಾಳೆ. ಆ ಪಟ್ಟಿಯಿಂದಾಗಿ ಬಾಗಲಕೋಟೆಯ ಅಂಗಡಿಯೇ ಕೈತಪ್ಪಬಹುದು. ವರ್ಷವಿಡೀ ಕೆಲಸ ಕೊಡುವ ಗಿರಾಕಿ ಅದೊಂದೇ.

ಗಂಡ ಮಲಕಪ್ಪ ಕುರಿ ಹೊಡೆದುಕೊಂಡು ಹೊರಡುವ ಮುಂಚೆ ಒಂದು ಫ್ರಾಕು ತಿರುವಿ ನೋಡುತ್ತಾನೆ.

"ಹೆಸರು ಒಳಗ ಬರದರ ಯಾರಿಗೆ ಕಾಣ್ತೈತಿ?"

"ಒಗಿಯಾಕಿಗೆ ಕಾಣ್ತೈತಿ" ಎನ್ನುತ್ತಾಳೆ ಬೋರವ್ವ, ಸೂಜಿ ಬಾಯಿಂದ ತೆಗೆಯದೆ.

ಅವಳ ತವರಿನವರು ಕಂಬಳಿ ನೇಯುವವರು. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ಕುದಿಸಿ ಗಂಜಿ ಮಾಡುವುದು, ಆ ಗಂಜಿಯನ್ನು ಉಣ್ಣೆಯ ಎಳೆಗೆ ಬಳಿದು ಬಿರುಸು ಮಾಡುವುದು ಅವಳಿಗೆ ಎಂಟನೆಯ ವಯಸ್ಸಿಗೇ ಬಂದ ವಿದ್ಯೆ. ಹೊಲಿಗೆ ಕಲಿತದ್ದು ಬಹಳ ತಡವಾಗಿ, ೧೯೭೪ರಲ್ಲಿ, ಹುನಗುಂದದ ಮಹಿಳಾ ಮಂಡಳದಲ್ಲಿ. ಆಗ ಮೂವತ್ತೆರಡು ವರ್ಷ. ಮಲಕಪ್ಪ ವರ್ಷದಲ್ಲಿ ಆರು ತಿಂಗಳು ಕುರಿಯ ಹಿಂದೆ ಊರೂರು ತಿರುಗುವವನು. ಎರಡು ಟಗರು ಮಾರಿ ಹಳೆಯ ಯಂತ್ರ ತಂದುಕೊಟ್ಟ. ಮೊದಲೆರಡು ವರ್ಷ ಬರೀ ಲಂಗ, ಜಂಪರು, ದಿಂಬಿನ ಚೀಲ.

೧೯೭೬ರಲ್ಲಿ ಕನ್ಯಾ ಶಾಲೆಯ ಶಿಕ್ಷಕಿ ಜಾನಕಿಬಾಯಿ ಒಂದು ಬಿಸ್ಕೀಟು ಡಬ್ಬಿ ಹಿಡಿದು ಬಂದರು. ಮುಚ್ಚಳದ ಮೇಲೆ ಬಿಳಿ ಹುಡುಗಿಯ ಚಿತ್ರ. ತುದಿಗಾಲ ಮೇಲೆ ನಿಂತಿದ್ದಾಳೆ, ಸೊಂಟದ ಸುತ್ತ ಅಡ್ಡಡ್ಡ ಹರಡಿದ ಲಂಗ.

"ಇಂಥಾವು ಎಂಟು ಬೇಕಾಗ್ಯಾವ ನೋಡು. ಆಗಸ್ಟ್ ಹದಿನೈದಕ್ಕ ಹುಡುಗ್ಯಾರು ಕುಣೀತಾರ."

"ಇದು ತೊಡೂ ಅರಿವಿನೋ ಉಣ್ಣೂ ತಾಟೋ, ಬಾಯಾರ?"

"ಬ್ಯಾಲೆ ಅಂತ ಕುಣಿತ ಅದು. ರಶಿಯಾ, ಫ್ರಾನ್ಸ್ ಕಡೆ."

"ತೊಡಿ ಕಾಣ್ತಾವಲ್ರಿ! ನಮ್ಮತ್ತಿ ನೋಡಿದ್ರ ಮಷೀನ ಒಯ್ದು ಬಾವ್ಯಾಗ ಒಗೀತಾಳ."

ಲಂಗವನ್ನು ಮೊಣಕಾಲಿನ ಕೆಳಗಿನವರೆಗೆ ಇಳಿಸುವುದೆಂದು ಇಬ್ಬರೂ ಒಪ್ಪಿದರು. ಆದರೆ ಅದು ನಿಲ್ಲುವುದು ಹೇಗೆ? ಚಿತ್ರದಲ್ಲಿ ಕಾಣುವುದು ಮೇಲಿನ ಬಟ್ಟೆ ಮಾತ್ರ. ಬೋರವ್ವ ತನಗೆ ಗೊತ್ತಿದ್ದುದನ್ನೇ ಮಾಡಿದಳು. ಸೊಳ್ಳೆ ಪರದೆಯ ಬಟ್ಟೆ ತಂದು ಎರಡು ಪದರ ಹೊಲಿದು, ಕಂಬಳಿಯ ಎಳೆಗೆ ಬಳಿಯುವಂತೆ ಹುಣಸೆ ಬೀಜದ ಗಂಜಿ ಬಳಿದಳು. ಬಿಸಿಲಿಗೆ ಒಣಗಿದಾಗ ಎಂಟೂ ಫ್ರಾಕು ಅಂಗಳದಲ್ಲಿ ತಾವೇ ನಿಂತವು. ಓಣಿಯೇ ಬಂದು ನೋಡಿತು.

ಕುಣಿತದ ದಿನ ಜಿಟಿಜಿಟಿ ಮಳೆ. ಎಂಟು ಹುಡುಗಿಯರು ಒಂದೇ ಬೆಂಚಿನ ಮೇಲೆ ಒತ್ತಿಕೊಂಡು ಕೂತಿದ್ದರು. ತಂಪಿಗೆ ಗಂಜಿ ಮತ್ತೆ ಅಂಟಾಯಿತು. ಹೆಸರು ಕೂಗಿದಾಗ ಮೊದಲನೆಯವಳು ಎದ್ದರೆ ಎಂಟೂ ಜನ ಸಾಲಾಗಿ ಎದ್ದರು. ಬಿಡಿಸಲು ಹೋಗಿ ಎರಡು ಲಂಗ ಹರಿದವು. ಉಳಿದ ಆರು ಮಂದಿ ಅಂಟಿಕೊಂಡೇ ಕುಣಿದರು.

"ಬೋರವ್ವಾ, ಫ್ರಾಕ ಹೊಲದೀಯೋ ಕಂಬಳಿ ನೇದೀಯೋ?" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು.

ಎಂಟೂ ಫ್ರಾಕುಗಳನ್ನು ಅವಳು ಮನೆಗೆ ತಂದು ಗಂಜಿ ಹೋಗುವಂತೆ ಒಗೆದಳು. ಮೂರು ತಿಂಗಳು ಬಿಚ್ಚಿದಳು, ಹೊಲಿದಳು, ಮತ್ತೆ ಬಿಚ್ಚಿದಳು. ಯಾರೂ ಹೇಳಿಕೊಡಲಿಲ್ಲ. "ಒಂದ ಪದರ ಇದ್ರ ಬಿದ್ದ ಬೀಳ್ತೈತ್ರಿ" ಎಂದು ಈಗ ವಿವರಿಸುತ್ತಾಳೆ. "ಅದರ ಕೆಳಗ ಗಿಡ್ಡದೊಂದು ಇಡಬೇಕು, ಅದರ ಮ್ಯಾಲೆ ಇದು ಕೂಡ್ತೈತಿ. ಅದರ ಕೆಳಗ ಇನ್ನಾ ಗಿಡ್ಡದು. ಏಳನೇದಕ್ಕ ನಿಂತ್ ಬಿಡ್ತು ನೋಡ್ರಿ. ಗಂಜೀನೂ ಬ್ಯಾಡ, ತಂತೀನೂ ಬ್ಯಾಡ."

ಒಳಗಿನ ಪದರ ಒಂದು ಗೇಣು, ಹೊರಗಿನದು ಎರಡೂವರೆ. ಒಂದು ಫ್ರಾಕಿಗೆ ಹನ್ನೊಂದು ಗಜ ಜಾಳಿಗೆ. ಮಗುವಿನ ಸೊಂಟದ ನಾಲ್ಕರಷ್ಟು ಬಟ್ಟೆಯನ್ನು ದಾರಕ್ಕೆ ಎಳೆದು ನಿರಿಗೆ ಕೂರಿಸಬೇಕು. ಅದು ಯಂತ್ರದಲ್ಲಿ ಆಗದು, ಕೈಯಲ್ಲೇ ಆಗಬೇಕು. ಒಂದಕ್ಕೆ ಒಂದೂವರೆ ದಿನ. ಬಲಗೈ ಹೆಬ್ಬೆರಳಿನ ತುದಿ ಸತ್ತುಹೋಗಿದೆ, ಚುಚ್ಚಿದರೂ ತಿಳಿಯುವುದಿಲ್ಲ. ಯಂತ್ರ ಮೆಟ್ಟುವ ಕಾಲು ಸಂಜೆಗೆ ಬಾತುಕೊಳ್ಳುತ್ತದೆ.

ಜಾಳಿಗೆ ಮಕ್ಕಳ ತೊಡೆಗೆ ಚುಚ್ಚುತ್ತದೆ ಎಂದು ತಾಯಂದಿರು ಬೈದಾಗ ಮಲಕಪ್ಪನ ಹಳೆಯ ಧೋತರ ಹರಿದು ಒಳಗೆ ಮೈಗೆ ತಾಗುವಂತೆ ಅಸ್ತರು ಕೊಟ್ಟಳು. ದಿನಬಳಕೆಗೆ ಮೂರೇ ಪದರ ಸಾಕೆಂದು ಮೇಲೆ ಹೂವಿನ ಅಚ್ಚಿನ ಚೀಟಿ ಬಟ್ಟೆ ಹಾಕಿ ಹೊಲಿದಳು. ಇವತ್ತು ಕಮತಗಿಯಲ್ಲಿ ಹೊಲಕ್ಕೆ ಬುತ್ತಿ ಒಯ್ಯುವ ಹುಡುಗಿ, ಕೊಡ ಹೊತ್ತು ನಡೆಯುವ ಹುಡುಗಿ, ಎಮ್ಮೆಯ ಹಿಂದೆ ಓಡುವ ಹುಡುಗಿ, ಎಲ್ಲರ ಮೊಣಕಾಲ ಸುತ್ತ ಆ ಬ್ಯಾಲೆಯ ಲಂಗ ಜಿಗಿಯುತ್ತದೆ. ಇಳಕಲ್ ಸೀರೆಯುಟ್ಟ ಹರೆಯದವರು ಕುಪ್ಪಸದ ಬುಗ್ಗೆ ತೋಳಿನೊಳಗೆ ಅದೇ ಜಾಳಿಗೆ ಹೊಲಿಸಿಕೊಳ್ಳುತ್ತಾರೆ. ಬ್ಯಾಲೆ ಎಂಬ ಹೆಸರು ಮಾತ್ರ ಜಾನಕಿಬಾಯಿ, ಬೋರವ್ವ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಬಾಗಲಕೋಟೆಯ ಅಂಗಡಿಯವರು ಮೂರು ವರ್ಷದಿಂದ ತಿಂಗಳಿಗೆ ಹನ್ನೆರಡು ತಗೊಳ್ಳುತ್ತಾರೆ. ಅಲ್ಲಿ ಆಮೇಲೆ ಏನಾಗುತ್ತದೆ ಎಂಬುದು ಬೋರವ್ವನಿಗೆ ತಿಳಿದದ್ದು ಹೋದ ದೀಪಾವಳಿಗೆ. ಹಿಂದಿನ ಓಣಿಯ ರಂಗವ್ವ ಮೊಮ್ಮಗಳ ಫ್ರಾಕು ತಂದು ಮುಂದಿಟ್ಟಳು.

"ಬಾಗಲಕೋಟ್ಯಾಗ ತಂದದ್ದವಾ, ಬಾಂಬೇದು. ಇಂಥಾದ್ದು ನಿನ್ನ ಕೈಲೆ ಆಗೂದಿಲ್ಲ ಬಿಡು. ಸೊಂಟ ಅಷ್ಟ ಬಿಗಿ ಮಾಡಿಕೊಡು."

ಕೊರಳಲ್ಲಿ 'ಬಾಂಬೆ' ಎಂಬ ಹೊಳೆಯುವ ಪಟ್ಟಿ. ಬೋರವ್ವ ಒಳಗು ತಿರುವಿದಳು. ಏಳು ಪದರ. ಅಸ್ತರಿನಲ್ಲಿ ಮಲಕಪ್ಪನ ಧೋತರದ ನೀಲಿ ಅಂಚು. ಅವಳು ಸೊಂಟ ಬಿಗಿ ಮಾಡಿಕೊಟ್ಟಳು. "ಇದು ನಂದ ಅಂತ ಹೇಳಿದ್ರ ಸುಳ್ಳು ಅಂತಿದ್ಲು" ಎನ್ನುತ್ತಾಳೆ. "ಮರುದಿನಾನ ಬಾಯಾರ ಕಡೆ ಹೋಗಿ ನನ್ನ ಹೆಸರು ಬರಿಯೂದು ಕಲತೆ."

ಒಂಬತ್ತರ ಬಸ್ಸು ಬರುತ್ತದೆ. ಒಂದರೊಳಗೊಂದು ಸೇರಿಸಿದ ಹನ್ನೆರಡು ಫ್ರಾಕು ಕೋಲಿಗೆ ಕಟ್ಟಿ ಅವಳು ಹತ್ತುತ್ತಾಳೆ.

"ಏನಬೇ ಬೋರವ್ವ, ಹದಿಮೂರು ಟಿಕೀಟ ಹರೀಲೇನು?" ಎನ್ನುತ್ತಾನೆ ಕಂಡಕ್ಟರು ಹುಲ್ಲಪ್ಪ.

"ತಲಿ ಇದ್ದವರಿಗೆ ಅಷ್ಟ ಹರಿಯಪ್ಪಾ."

ಬಾಗಲಕೋಟೆಯ ಪೇಟೆಯಲ್ಲಿ ಅಂಗಡಿ ಆಗಲೇ ತುಂಬಿದೆ. ಸಾಹುಕಾರರು ಒಂದು ಫ್ರಾಕು ಎತ್ತಿ, ಕೊಡವಿ, ಒಳಗು ನೋಡುತ್ತಾರೆ. ಮುಖ ಗಂಟಿಕ್ಕುತ್ತಾರೆ.

"ಇದೇನವಾ? ಕಮತಗಿ ಅಂದ್ರ ಯಾರ ಕೈ ಹಾಕ್ತಾರ? ಬಾಂಬೆ ಅಂದ್ರ ತಗೋತಾರ."

"ಕೊರಳಿಗೆ ನಿಮ್ಮ ಬಾಂಬೆ ಹಾಕ್ಕೋರಿ. ನಾ ಸೊಂಟದಾಗ ಇರ್ತೇನಿ."

"ಇಲ್ಲೆಲ್ಲಾ ಅದು ನಡಿಯೂದಿಲ್ಲ" ಎಂದು ಸಾಹುಕಾರರು ಕತ್ತರಿ ಎತ್ತಿಕೊಳ್ಳುತ್ತಾರೆ.

"ಕತ್ತರಸಬ್ಯಾಡ್ರಿ. ಏಳೂ ಪದರದ ನಿರಿಗಿ ದಾರ ಆ ಪಟ್ಟ್ಯಾಗ ಗಂಟ ಹಾಕೇನಿ."

ಅವರು ನಂಬುವುದಿಲ್ಲ. ಪಟ್ಟಿ ಕತ್ತರಿಸಿ ಎಳೆಯುತ್ತಾರೆ. ದಾರ ಸರ್ರನೆ ಹಿಂದೆಯೇ ಬರುತ್ತದೆ. ನಿರಿಗೆಗಳು ಬಿಚ್ಚಿ, ಪದರದ ಮೇಲೆ ಪದರ ಜಾರಿ, ಹನ್ನೊಂದು ಗಜ ಜಾಳಿಗೆ ಗಲ್ಲಾ ಮೇಜಿನ ಮೇಲೆ ಸುರಿಯುತ್ತದೆ. ಬಟ್ಟೆ ನೋಡುತ್ತಿದ್ದ ಹೆಂಗಸರು ತಿರುಗಿ ನೋಡುತ್ತಾರೆ. ಬೋರವ್ವ ಸೆರಗು ಸರಿಮಾಡಿಕೊಂಡು ಕೋಲು ಕೈಗೆ ತೆಗೆದುಕೊಳ್ಳುತ್ತಾಳೆ. ಹನ್ನೊಂದನ್ನೂ ಕೋಲಿಗೆ ಕಟ್ಟಿ ವಾಪಸು ಒಯ್ಯಲು ಅವಳು ತಯಾರಾಗಿಯೇ ಬಂದಿದ್ದಾಳೆ.

ಸಾಹುಕಾರರು ಉಳಿದ ಹನ್ನೊಂದರ ಕಡೆ ನೋಡುತ್ತಾರೆ, ಕೈಯಲ್ಲಿನ ಕತ್ತರಿಯ ಕಡೆ ನೋಡುತ್ತಾರೆ. ಕತ್ತರಿ ಕೆಳಗಿಟ್ಟು, ಹನ್ನೊಂದನ್ನು ಒಳಕ್ಕೆ ತೆಗೆದುಕೊಳ್ಳಲು ಆಳಿಗೆ ಹೇಳುತ್ತಾರೆ. ಆಮೇಲೆ ಬಿಚ್ಚಿದ ರಾಶಿಯನ್ನು ಅವಳ ಕಡೆ ದೂಡುತ್ತಾರೆ.

"ಇದನ್ನರ ಮತ್ತ ಹೊಲದು ಕೊಡ್ತೀಯೋ ಇಲ್ಲೋ?"

"ಕೊಡ್ತೇನ್ರಿ" ಎನ್ನುತ್ತಾಳೆ ಬೋರವ್ವ, ಜಾಳಿಗೆ ಮಡಚಿಕೊಳ್ಳುತ್ತ. "ಪಟ್ಟಿ ಹೊಸಾದು ಹಾಕಬೇಕಾಗ್ತೈತಿ."