ಬಾವಿಯ ನೀರು ಸಿಹಿಯಿತ್ತೆಂಬ ಮೂರು ಪುಟ

ನಮ್ಮ ಹಳೇ ಓಣಿಯ ಬಗ್ಗೆ ಒಂದು ಸ್ಮರಣ ಸಂಚಿಕೆ ತರುತ್ತೇವೆ, ಕರಡು ತಿದ್ದಿಕೊಡಿ ಎಂದು ಕೇಳಲು ನಾಲ್ವರು ನನ್ನ ಮನೆಗೆ ಬಂದರು. ನಾಲ್ವರೂ ಆ ಓಣಿ ಬಿಟ್ಟು ಮೂವತ್ತು ವರ್ಷದ ಮೇಲಾಗಿತ್ತು. ಅಲ್ಲಿದ್ದಾಗ ಅದರ ಗಟಾರಕ್ಕೆ ಮೂಗು ಮುಚ್ಚಿಕೊಂಡು ಓಡಾಡಿದವರು. ಈಗ ಖೂಬಾ ಪ್ಲಾಟ್ ಬಡಾವಣೆಯ ಮಾರ್ಬಲ್ ನೆಲದ ಮೇಲೆ ಕೂತು ಅದೇ ಓಣಿಯ ಮಣ್ಣಿನ ವಾಸನೆ ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ದೂರ ಹೋದಷ್ಟೂ ಗಟಾರ ಪರಿಮಳ ಬೀರುತ್ತದೆಂದು ಕಾಣುತ್ತದೆ.

ಸಮಿತಿಯ ಅಧ್ಯಕ್ಷರು ನಿವೃತ್ತ ವಕೀಲರು. ಓಣಿಯ ಆ ತುದಿಯಲ್ಲಿದ್ದ ದೊಡ್ಡ ವಾಡೆ ಅವರದು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಈ ತುದಿಯಲ್ಲಿ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ ನನ್ನ ಅಬ್ಬಾನ ಎರಡು ಖೋಲಿಯ ಮನೆ. ವಕೀಲರು ಶಾಲೆಯಲ್ಲಿ ನನಗಿಂತ ಒಂದು ವರ್ಗ ಮುಂದಿದ್ದರು.

“ಮೇಡಂ, ನೀವು ಮುಸಲ್ಮಾನರಾಗಿದ್ರೂ ನಿಮ್ಮ ಕನ್ನಡ ಎಷ್ಟು ಶುದ್ಧ ಅದ ನೋಡ್ರಿ! ಅದಕ್ಕ ನಿಮ್ಮ ಹಂತ್ಯಾಕೇ ಬಂದೀವಿ,” ಎಂದರು ಅವರು.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತಳಾದವಳಿಗೆ ಈ ಹೊಗಳಿಕೆ ಹೊಸದಲ್ಲ. ಇದನ್ನು ಕೇಳಿದಾಗಲೆಲ್ಲ ಎದುರಿನವರ ವ್ಯಾಕರಣ ತಿದ್ದಬೇಕೆನ್ನಿಸುತ್ತದೆ. ಚಹಾ ಕೊಟ್ಟು ಕರಡು ಇಸಿದುಕೊಂಡೆ.

ಹದಿನಾಲ್ಕು ಲೇಖನಗಳಿದ್ದವು. ಒಂಬತ್ತು ಲೇಖನಗಳು “ಆ ದಿನಗಳೇ ಬೇರೆ” ಎಂದು ಶುರುವಾಗುತ್ತಿದ್ದವು. ಉಳಿದವು ಅಲ್ಲಿಗೆ ತಲುಪಲು ಎರಡನೇ ಪ್ಯಾರಾದವರೆಗೆ ಕಾಯುತ್ತಿದ್ದವು. ಯಾರ ಮನೆಯಲ್ಲೂ ಜಗಳವಿರಲಿಲ್ಲ, ಯಾರೂ ಯಾರನ್ನೂ ಬೈದಿರಲಿಲ್ಲ, ಈದ್‌ಗೆ ಎಲ್ಲರೂ ಎಲ್ಲರ ಮನೆಯ ಶೀರ್ ಖುರ್ಮಾ ಕುಡಿದಿದ್ದರು. ನಮ್ಮ ಅಮ್ಮಿ ಮಾಡಿದ ಶೀರ್ ಖುರ್ಮಾ ವಾಡೆಯ ದನದ ಕೊಟ್ಟಿಗೆ ದಾಟಿ ಒಳಗೆ ಹೋದದ್ದನ್ನು ನಾನಂತೂ ಕಂಡಿಲ್ಲ. ಇಷ್ಟನ್ನೂ ಸಹಿಸಿ ಕಾಗುಣಿತ ತಿದ್ದುತ್ತ ಹೋದೆ. ಬಾವಿಯ ಲೇಖನ ಬಂದಾಗ ಪೆನ್ನು ಕೆಳಗಿಟ್ಟೆ.

ಅದು ಮೂರು ಪುಟದ್ದು. ವಕೀಲರ ಕಾಕು, ಅಂದರೆ ಅವರ ಚಿಕ್ಕಪ್ಪನ ಹೆಂಡತಿ, ಹೇಳಿದ್ದನ್ನು ವಕೀಲರು ಬರೆದುಕೊಂಡಿದ್ದರು. ವಾಡೆಯ ಮುಂದಿನ ಬಾವಿಯ ನೀರು ಎಷ್ಟು ಸಿಹಿ, ಅದರಲ್ಲಿ ಬೇಳೆ ಎಷ್ಟು ಬೇಗ ಬೇಯುತ್ತಿತ್ತು ಎಂದೆಲ್ಲ ಕಾಕುವಿನ ಮಾತು. ಕೊನೆಯ ಸಾಲು ಮಾತ್ರ ವಕೀಲರದೇ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು: “ಜಾತಿ ಮತವೆನ್ನದೆ ಸಕಲರ ದಾಹ ತಣಿಸಿದ ಸೌಹಾರ್ದದ ಚಿಲುಮೆ.”

ಆ ಚಿಲುಮೆಗೆ ಒಂದು ಕಟ್ಟಿಗೆಯ ಗೇಟಿತ್ತು. ಗೇಟಿನ ಹೊರಗೆ ನೆಲದ ಮೇಲೆ ಅಮ್ಮಿ ಕೊಡ ಇಟ್ಟು ನಿಲ್ಲುತ್ತಿದ್ದಳು. ವಾಡೆಯ ಹೆಂಗಸರು ಯಾರಾದರೂ ಬಂದು ಸೇದಿ, ಕೊಡಕ್ಕೆ ಕೊಡ ತಾಕದ ಹಾಗೆ ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ ಬೀಳುತ್ತಿತ್ತು, ಅರ್ಧ ಅಮ್ಮಿಯ ಕಾಲಿಗೆ. ಹೆಚ್ಚಿನ ಸಲ ಸುರಿಯುತ್ತಿದ್ದವರು ಆಗ ವಾಡೆಯ ಕಿರಿಯ ಸೊಸೆಯಾಗಿದ್ದ ಇದೇ ಕಾಕು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಅಮ್ಮಿ ಒಂದು ಮಧ್ಯಾಹ್ನ ಖಾಲಿ ಕೊಡ ಹೊತ್ತು ವಾಪಸು ಬಂದು, ಪತ್ರಿಕೆಗೆ ಒಂದು ಪತ್ರ ಬರೆ ಎಂದಳು. ಅವಳು ನಮ್ಮ ಮನೆಮಾತು ದಖನಿಯಲ್ಲಿ ಹೇಳಿದಳು, ನಾನು ಕನ್ನಡದಲ್ಲಿ ಬರೆದೆ. ಕಲಬುರಗಿಯ ಪತ್ರಿಕೆಯೊಂದರಲ್ಲಿ ಅದು ಅಮ್ಮಿಯ ಹೆಸರಿನೊಂದಿಗೆ ಅಚ್ಚಾಯಿತು. ಬಾವಿಯ ಗೇಟು ತೆರೆಯಿತು. ಈ ಕಥೆಯನ್ನು ಮೂವತ್ತು ವರ್ಷ ಪ್ರತಿ ಜೂನಿನಲ್ಲಿ ಹೊಸ ಮಕ್ಕಳಿಗೆ ಹೇಳಿದ್ದೇನೆ. ಪತ್ರಲೇಖನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ಇರಲಿಲ್ಲ.

ವಕೀಲರಿಗೆ ಫೋನು ಮಾಡಿ, ಆ ಪತ್ರ ಹುಡುಕಿ ತರುತ್ತೇನೆ, ಬಾವಿಯ ಲೇಖನದ ಪಕ್ಕ ಹಾಕಬೇಕು ಎಂದೆ. ಪತ್ರದಲ್ಲಿ ಏನಿದೆ ಎಂದು ಅವರು ಕೇಳಲಿಲ್ಲ.

“ಹಾಕೋಣ್ರಿ, ಹಾಕೋಣ. ಹಳೀ ಪೇಪರ್ ಕಟಿಂಗ್ ಇದ್ರ ಪುಸ್ತಕಕ್ಕ ಒಂದು ತೂಕ ಬರ್ತದ,” ಎಂದರು.

ಪತ್ರಿಕೆಯ ಕಚೇರಿ ಈಗ ಗಾಜಿನ ಕಟ್ಟಡದಲ್ಲಿದೆ. ಅಲ್ಲಿ ಕಂಪ್ಯೂಟರ್ ಮುಂದಿದ್ದ ಹುಡುಗಿ, “ಎಲ್ಲಾ ಡಿಜಿಟಲ್ ಆಗ್ಯಾದ್ರಿ ಮೇಡಂ,” ಎಂದು ಹೆಮ್ಮೆಯಿಂದ ಹೇಳಿದಳು. ಎಲ್ಲಾ ಎಂದರೆ ಹೋದ ಹತ್ತು ವರ್ಷದ್ದು. ಅದಕ್ಕಿಂತ ಹಿಂದೆ ಕಲಬುರಗಿಯಲ್ಲಿ ಏನೂ ನಡೆದಿರಲಿಲ್ಲ. ಹಳೆಯ ಬೈಂಡುಗಳು ಎಲ್ಲಿ ಎಂದರೆ ಅವಳಿಗೆ ಬೈಂಡು ಎಂದರೇನೆಂದೇ ಗೊತ್ತಿಲ್ಲ. ಜಾಹೀರಾತು ಕೌಂಟರಿನಲ್ಲಿದ್ದ ನರೆತ ತಲೆಯ ಒಬ್ಬರು ನನ್ನನ್ನು ಬದಿಗೆ ಕರೆದರು. ಕಚೇರಿ ಬದಲಾಯಿಸಿದಾಗ ಎಲ್ಲವನ್ನೂ ಎರಡು ಟೆಂಪೋದಲ್ಲಿ ಹೇರಿ ಕಪನೂರಿನ ಕಾರ್ಖಾನೆಗೆ ಕಳಿಸಿದರಂತೆ. ಅಲ್ಲಿ ರದ್ದಿ ನೆನೆಸಿ, ಅರೆದು, ಮೊಟ್ಟೆ ಇಡುವ ಟ್ರೇ ಮಾಡುತ್ತಾರೆ. ನಮ್ಮ ಊರಿನ ಐವತ್ತು ವರ್ಷದ ಹುಟ್ಟು, ಸಾವು, ಕಳವು, ಭಾಷಣ, ಭರವಸೆಯಲ್ಲೇ ಉಳಿದ ರಸ್ತೆಗಳು ಎಲ್ಲ ಮೊಟ್ಟೆಗೆ ಹಾಸಿಗೆಯಾಗಿವೆ. ಇಷ್ಟು ಉಪಯುಕ್ತವಾಗಿ ಆ ಪತ್ರಿಕೆ ತನ್ನ ಜೀವಮಾನದಲ್ಲೇ ಇರಲಿಲ್ಲ.

“ಕಮಲಾಪುರದಾಗ ನಮ್ಮ ಹಳೀ ಏಜೆಂಟ್ ಒಬ್ಬರ ಇದ್ದಾರ್ರಿ,” ಎಂದರು ಆ ಕೌಂಟರಿನವರು. “ದಿನಾ ಉಳಿದ ಪೇಪರ್ ವಾಪಸ್ ಕಳಸುವಾಗ ಒಂದು ಕಡಿಮಿ ಕಳಸ್ತಿದ್ರು. ಯಾಕಂತ ನಾವು ಎಂದೂ ಕೇಳಲಿಲ್ಲ. ಒಮ್ಮೆ ಹೋಗಿ ನೋಡ್ರಿ.”

ಮರುದಿನ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ. ಕಮಲಾಪುರದಲ್ಲಿ ಇಳಿದು ಪೇಪರ್ ಏಜೆಂಟರ ಮನೆ ಎಂದರೆ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತವಳೇ ತೋರಿಸಿದಳು. ಎಂಬತ್ತು ದಾಟಿದ ಮುದುಕರು. ಗೋಡೆಗೆ ಆನಿಕೊಂಡು ಕೂತು ಅಂದಿನ ಪತ್ರಿಕೆ ಓದುತ್ತಿದ್ದರು. ಬಂದ ಕಾರಣ ಹೇಳಿದೆ. ಅವರು ಎದ್ದು ಹಿಂದಿನ ಖೋಲಿಯ ಕದ ತೆಗೆದರು. ನೆಲದಿಂದ ಛತ್ತಿನವರೆಗೆ ಪತ್ರಿಕೆಯ ಗಂಟುಗಳು. ಪ್ರತಿ ತಿಂಗಳದ್ದು ಬೇರೆ, ಸುತ್ತ ಸುತಳಿ, ನಡುವೆ ಹುಳ ಬೀಳದಂತೆ ಬೇವಿನ ಎಲೆ, ಡಾಂಬರ ಗುಳಿಗೆ.

“ಇಷ್ಟೆಲ್ಲಾ ಯಾಕ್ ಇಟ್ಟೀರಿ ಕಾಕಾ?” ಎಂದೆ.

“ನಾ ಏಜೆನ್ಸಿ ತೊಗೊಂಡ ಹೊಸತರಾಗ ಒಬ್ಬಾಕಿ ಬಂದಿದ್ಲವ್ವ,” ಎಂದರು. “ಆಕಿ ಗಂಡ ಲಾರಿಗಿ ಸಿಕ್ಕು ಸತ್ತಿದ್ದ. ಪೇಪರ್‌ದಾಗ ಫೋಟೋ ಬಂದಿತ್ತು. ಮನ್ಯಾಗ ಅವಂದು ಬ್ಯಾರೆ ಫೋಟೋನೇ ಇಲ್ಲ, ಆ ಪೇಪರ್ ಕೊಡ್ರಿ ಅಂದ್ಲು. ನಾ ವಾಪಸ್ ಕಳಿಸಿಬಿಟ್ಟಿದ್ದೆ. ಆಕಿ ಹಂಗೇ ತಿರುಗಿ ಹೋದ್ಲು. ಮರುದಿನದಿಂದ ಒಂದೊಂದು ತೆಗೆದಿಡಾಕ ಹತ್ತಿದೆ.”

ಅಷ್ಟೇ. ಸ್ಮರಣೆ, ಪರಂಪರೆ, ಸೌಹಾರ್ದ ಎಂಬ ಯಾವ ಶಬ್ದವೂ ಅವರ ಬಾಯಿಂದ ಬರಲಿಲ್ಲ. ಖೂಬಾ ಪ್ಲಾಟಿನ ಹದಿನಾಲ್ಕು ಲೇಖನಗಳನ್ನು ಆ ಖೋಲಿಯಲ್ಲಿಟ್ಟರೆ ಅವನ್ನು ಕಾಯಲು ಡಾಂಬರ ಗುಳಿಗೆಯೂ ನಾಚಬೇಕು.

ಮೂರು ದಿನ ಹೋಗಿ ಬಂದೆ. ಅವರ ಸೊಸೆ ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ, ಆಮೇಲೆ ಒಂದು ಕೆಂಪು ಬಾಳೆಹಣ್ಣು ಕೊಡುತ್ತಿದ್ದಳು. ಮೂರನೇ ದಿನ, ಬೇಸಿಗೆಯ ಒಂದು ಗಂಟಿನಲ್ಲಿ, ಓದುಗರ ಪತ್ರಗಳ ಅಂಕಣದ ತೀರ ಕೆಳಗೆ ಅದು ಸಿಕ್ಕಿತು. ಐದು ಸಾಲು. “ತಮ್ಮ ಘನ ಪತ್ರಿಕೆಯ ಮೂಲಕ ತಿಳಿಸುವುದೇನೆಂದರೆ, ನಮ್ಮ ಓಣಿಯ ಮಹಿಳೆಯರಿಗೆ ಬೇಸಿಗೆಯಲ್ಲಿ ನೀರು ಪಡೆಯಲು ಬಹಳ ಅನಾನೂಕುಲವಾಗುತ್ತಿದೆ. ಸಂಬಂಧಪಟ್ಟವರು ಗಮನ ಹರಿಸಬೇಕಾಗಿ ವಿನಂತಿ.” ಕೆಳಗೆ ಅಮ್ಮಿಯ ಹೆಸರಿಲ್ಲ. “ಓರ್ವ ಗೃಹಿಣಿ” ಎಂದಿತ್ತು.

ಬಾವಿ ಎಲ್ಲಿ, ಗೇಟು ಎಲ್ಲಿ, ಮೇಲಿನಿಂದ ಸುರಿಯುವುದೆಲ್ಲಿ? ಸಂಪಾದಕನ ಕತ್ತರಿಗೆ ಶಾಪ ಹಾಕಿದೆ. ಅವನೂ ವಾಡೆಯವರ ನೆಂಟನೇ ಇರಬೇಕು ಎಂದುಕೊಂಡೆ. ಅದೇ ಸಿಟ್ಟಿನಲ್ಲಿ ಇನ್ನೊಮ್ಮೆ ಓದುವಾಗ ‘ಅನಾನೂಕುಲ’ದ ಮೇಲೆ ಕಣ್ಣು ನಿಂತಿತು. ದೀರ್ಘ ಇರಬಾರದ ಕಡೆ ದೀರ್ಘ, ಇರಬೇಕಾದ ಕಡೆ ಹ್ರಸ್ವ. ಹತ್ತನೇ ಇಯತ್ತೆ ಮುಗಿಯುವವರೆಗೂ ಆ ಶಬ್ದವನ್ನು ನಾನು ಹಾಗೇ ಬರೆಯುತ್ತಿದ್ದೆ. ಅದಕ್ಕಾಗಿ ಮಾಸ್ತರರ ಕೈಯಲ್ಲಿ ಎರಡು ಸಲ ಏಟು ತಿಂದಿದ್ದೇನೆ.

ಯಾರೂ ಏನನ್ನೂ ಕತ್ತರಿಸಿರಲಿಲ್ಲ. ನಾನು ಬರೆದದ್ದನ್ನೇ, ನನ್ನ ತಪ್ಪಿನ ಸಮೇತ, ಅಚ್ಚು ಹಾಕಿದ್ದರು.

ಆಗ ಆ ಮಧ್ಯಾಹ್ನ ಪೂರ್ತಿಯಾಗಿ ನೆನಪಿಗೆ ಬಂತು. “ಹಮ್ನಾ ಊಪರ್ ಸೇ ಪಾನಿ ಡಾಲ್ತೇ ಕರ್ಕೋ ಲಿಖ್. ಮೇರಾ ನಾಮ್ ಭೀ ಲಿಖ್,” ಎಂದಿದ್ದಳು ಅಮ್ಮಿ. ನಮಗೆ ಮೇಲಿನಿಂದ ನೀರು ಸುರಿಯುತ್ತಾರೆಂದು ಬರಿ, ನನ್ನ ಹೆಸರನ್ನೂ ಬರಿ ಎಂದು. ನಾನು ಬರೆಯಲಿಲ್ಲ. ಪ್ರತಿ ಜೂನಿನಲ್ಲಿ, ಒಂದು ವರ್ಗ ಮುಂದಿದ್ದ ವಾಡೆಯ ಹುಡುಗನ, ಅಂದರೆ ಈ ವಕೀಲರ, ಹಳೆಯ ಪಠ್ಯಪುಸ್ತಕಗಳು ನನಗೆ ಬರುತ್ತಿದ್ದವು. ಅವು ನಿಂತುಹೋದರೆ ಎಂಬ ಹೆದರಿಕೆ. ಜೊತೆಗೆ, ಶಾಲೆಯಲ್ಲಿ ಆಗಷ್ಟೇ ಕಲಿಸಿದ್ದ ಪತ್ರದ ಮಾದರಿಯ ಮೇಲೆ ಮೋಹ. “ಕ್ಯಾ ಲಿಖೀ, ಪಢ್,” ಎಂದಳು ಅಮ್ಮಿ, ಏನು ಬರೆದೆ ಓದು ಎಂದು. ನಾನು ಹಾಳೆ ಎದುರಿಗೆ ಹಿಡಿದು, ಅದರಲ್ಲಿ ಇಲ್ಲದ್ದನ್ನು, ಅವಳು ಹೇಳಿದ್ದನ್ನೇ, ಅವಳಿಗೆ ಓದಿ ಹೇಳಿದೆ. ಅವಳು ತಲೆಯಾಡಿಸಿ ಸಮಾಧಾನದಿಂದ ಒಲೆಯ ಕಡೆ ಹೋದಳು.

ಗೇಟೂ ತೆರೆದಿರಲಿಲ್ಲ. ಮುಂದಿನ ಗಂಟಿನಲ್ಲಿ ಒಂದು ಫೋಟೋ ಇತ್ತು: ಓಣಿಯ ನಮ್ಮ ತುದಿಯಲ್ಲಿ ಹೊಸ ನಳ, ಅದನ್ನು ತಿರುಗಿಸುತ್ತ ಹಾರ ಹಾಕಿಕೊಂಡ ವಕೀಲರ ಅಪ್ಪ, ‘ಹಿರಿಯರ ಪ್ರಯತ್ನಕ್ಕೆ ಫಲ’ ಎಂಬ ಅಡಿಬರಹ. ನಮಗೆ ನಳ ಬಂತು, ಬಾವಿ ಅವರಿಗೇ ಉಳಿಯಿತು. ಇದನ್ನು ನಾನು ಯಾವ ವರ್ಷದಿಂದ ‘ಗೇಟು ತೆರೆಯಿತು’ ಎಂದು ಹೇಳಲು ಶುರುಮಾಡಿದೆನೋ ಗೊತ್ತಿಲ್ಲ. ಒಂಬತ್ತು ಜನ “ಆ ದಿನಗಳೇ ಬೇರೆ” ಎಂದು ಬರೆದರೆಂದು ನಕ್ಕಿದ್ದೆನಲ್ಲ, ಹತ್ತನೆಯವಳು ನಾನೇ. ವ್ಯತ್ಯಾಸವೆಂದರೆ ನನ್ನ ಕಾಗುಣಿತ ಈಗ ಸರಿಯಿದೆ.

“ಸಿಕ್ತೇನವ್ವ?” ಎಂದರು ಏಜೆಂಟರು.

“ಸಿಕ್ತು ಕಾಕಾ.”

ಬಸ್ ನಿಲ್ದಾಣದ ಬಳಿ ಎರಡನ್ನೂ ಝೆರಾಕ್ಸ್ ಮಾಡಿಸಿಕೊಂಡು, ಮೂಲ ಪ್ರತಿಗಳನ್ನು ಅವರ ಕೈಗಿಟ್ಟು ಊರಿಗೆ ಬಂದೆ. ಎರಡು ಪುಟ ಬರೆದೆ. ಅಮ್ಮಿ ಏನು ಹೇಳಿದಳು, ನಾನು ಏನು ಬರೆದೆ, ನಳ ಹೇಗೆ ಬಂತು, ಇಷ್ಟೇ. ಅದನ್ನು ಹಿಡಿದುಕೊಂಡು ವಕೀಲರ ಮನೆಯ ಸಮಿತಿ ಸಭೆಗೆ ಹೋದೆ.

ವಕೀಲರು ಓದಿದರು. ಕನ್ನಡಕ ತೆಗೆದು ಒರೆಸಿದರು. ಉಳಿದ ಮೂವರು ಚೂಡಾದ ತಟ್ಟೆ ನೋಡತೊಡಗಿದರು.

“ಮೇಡಂ, ಇದು ಖುಷಿ ಪುಸ್ತಕರೀ. ಜನ ಮನ್ಯಾಗ ಮಕ್ಕಳು ಮೊಮ್ಮಕ್ಕಳ ಕೂಡ ಕೂತು ಓದತಾರ. ಈಗ ಇದೆಲ್ಲಾ ಕೆದಕಿ ಏನ್ ಮಾಡೋದದ ಹೇಳ್ರಿ?”

“ಕಟಿಂಗ್ ಇದ್ರ ತೂಕ ಬರ್ತದ ಅಂದಿದ್ರಲ್ಲ?”

“ನಳದ ಫೋಟೋ ಕೊಡ್ರಿ, ಅಪ್ಪಾರದ್ದು. ಅದನ್ನ ಪೂರಾ ಪೇಜ್ ಹಾಕೋಣ.”

ಆಗ ಒಳಕೋಣೆಯ ಪರದೆ ಸರಿಯಿತು. ಗೋಡೆ ಹಿಡಿದುಕೊಂಡು ಕಾಕು ಹೊರಗೆ ಬಂದರು. ತೊಂಬತ್ತರ ಹತ್ತಿರ ವಯಸ್ಸು. ಒಳಗೆ ಕೂತು ಎಲ್ಲ ಕೇಳಿಸಿಕೊಂಡಿದ್ದರು.

“ನೀನು ಗಾದಿಯವರ ಮಗಳಲ್ಲಾ?” ಎಂದು ನನ್ನನ್ನು ಕೇಳಿದರು. ಹೌದು ಕಾಕು ಎಂದೆ. ಕುರ್ಚಿ ಎಳೆದು ಕೂತರು.

“ನೀರ್ ಸಿಹಿ ಇತ್ತು, ಅದು ಖರೇ,” ಎಂದರು. “ಈಕಿ ಅವ್ವಗ ನಾ ಮ್ಯಾಲಿಂದ ಹಾಕ್ತಿದ್ದೆ, ಅದೂ ಖರೇ. ಹಂಗ ಹಾಕಬೇಕಂತ ಅತ್ತಿಯವರು ಕಲಿಸಿದ್ರು. ಒಂದಿನ ಆಕಿ ಬಸುರಿ ಇದ್ಲು, ಬಂದು ಒದರಿದ್ಲು. ನಾ ಉಣ್ಣಾಕತ್ತಿದ್ದೆ. ಉಂಡು, ಕೈ ತೊಳಕೊಂಡು, ಎಲಿ ಅಡಿಕಿ ಹಾಕೊಂಡು ಹೋದೆ. ಆಕಿ ಬಿಸಲಾಗ ಅಲ್ಲೇ ನಿಂತಿದ್ಲು. ಎಷ್ಟೊತ್ತಾತು ಅಂತ ನಾ ಕೇಳಲಿಲ್ಲ. ಆಗ ನನಗ ಅದು ತಪ್ಪಂತ ಅನಸಲೂ ಇಲ್ಲ. ಇವಂಗ ಇದನ್ನೂ ಹೇಳಿದ್ದೆ ನಾನು. ಇವ ಬರಕೊಳ್ಳಲಿಲ್ಲ.”

ವಕೀಲರು ನನ್ನ ಕಡೆ ಬಾಗಿ, ಕಾಕುವಿಗೂ ಕೇಳುವಷ್ಟು ಗಟ್ಟಿಯಾಗಿ ಪಿಸುಗುಟ್ಟಿದರು: “ಕಾಕುಗ ಈಗೀಗ ಮರವು ಭಾಳ ಆಗ್ಯಾದ್ರಿ. ಏನೇನೋ ಮಾತಾಡ್ತಾರ.”

ಬೇಳೆ ಬೇಯುವ ಮೂರು ಪುಟ ಹೇಳುವಾಗ ಅದೇ ಕಾಕುವಿನ ನೆನಪು ಉಕ್ಕಿನಷ್ಟು ಗಟ್ಟಿಯಿತ್ತು. ಎರಡು ವಾರದಲ್ಲಿ ಕೆಟ್ಟುಹೋಯಿತು, ಅದೂ ಒಂದೇ ವಿಷಯದಲ್ಲಿ. ಇಂಥ ಮರೆವಿನ ರೋಗ ವಕೀಲರೇ ಪತ್ತೆಹಚ್ಚಬೇಕು, ವೈದ್ಯರಿಂದಾಗದು. ನಾನು ತಿದ್ದಿದ್ದ ಕರಡನ್ನೆಲ್ಲ ಮೇಜಿನ ಮೇಲಿಟ್ಟು, ಕಾಕುವಿನ ಕೈ ಮುಟ್ಟಿ ಹೊರಟೆ. ಅವರು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಗಟ್ಟಿಯಾಗಿ ಹಿಡಿದುಕೊಂಡು, “ನಿಮ್ಮ ಅವ್ವಗ ಏನ್ ಮಗು ಆತು ಆಮ್ಯಾಲ?” ಎಂದರು. ತಮ್ಮ ಹುಟ್ಟಿದ, ಈಗ ರೈಲ್ವೇದಲ್ಲಿದ್ದಾನೆ ಎಂದೆ. “ಛೊಲೋ ಆತು,” ಎಂದರು.

ಪುಸ್ತಕ ಬಿಡುಗಡೆಯಾಯಿತು. ಶಾಲು, ಪೇಟ, ಏಳು ಭಾಷಣ. ಸಿಹಿನೀರಿನ ಮೂರು ಪುಟ ಹಾಗೇ ಇದೆ, ಎದುರಿಗೆ ಪೂರಾ ಪೇಜು ನಳ ತಿರುಗಿಸುವ ಫೋಟೋ. ನಾನು ಕೊಡಲಿಲ್ಲ, ಎಲ್ಲಿಂದ ಹುಡುಕಿದರೋ. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದ್ದಾರೆ. ಅದೊಂದು ಉಪಕಾರವೇ ಆಯಿತು.

ಆ ಎರಡು ಪುಟವನ್ನು ನಾನು ಕಮಲಾಪುರಕ್ಕೆ ಒಯ್ದೆ. ಕಾಕು ಹೇಳಿದ್ದನ್ನು ಅವರ ಮಾತಿನಲ್ಲೇ ಸೇರಿಸಿ, ಕೆಳಗೆ ಅಮ್ಮಿಯ ಹೆಸರು, ನನ್ನ ಹೆಸರು ಬರೆದಿದ್ದೆ. ಏಜೆಂಟರು ಕನ್ನಡಕ ಹಾಕಿಕೊಂಡು ಒಂದಕ್ಷರವೂ ಬಿಡದೆ ಓದಿದರು. ಅಮ್ಮಿಯ ಪತ್ರ ಅಚ್ಚಾಗಿದ್ದ ದಿನದ ಪತ್ರಿಕೆ ಬಿಚ್ಚಿ, ಹಾಳೆಗಳನ್ನು ಓದುಗರ ಪತ್ರಗಳ ಪುಟದ ನಡುವೆ ಇಟ್ಟು, ಗಂಟು ಕಟ್ಟಿದರು.

“ಯಾರರೆ ಬಂದು ಕೇಳಿದ್ರ ಕೊಡ್ತೀನವ್ವ,” ಎಂದರು. “ಕೇಳಾಕ ಬರೋರು ಬೇಕಲ್ಲ.”