ತೊಟ್ಟು ವಾಲಿದ ಪರಂಗಿ

ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿದ್ದು ಜನರ ಹೊಲ ಅಳೆದವನು ನಾನು. ದಂಡಿಗನಹಳ್ಳಿ ಕಡೆಯ ಹೊಲವೊಂದರಲ್ಲಿ ಬದು ಒಂದಡಿ ಸರಿದಿದ್ದನ್ನು, ಚೈನು ಎಳೆಯುವ ಮೊದಲೇ, ಬರೀ ಕಣ್ಣಳತೆಯಲ್ಲಿ ಹೇಳಿದ್ದೆ. ಆ ಕಥೆಯನ್ನು ನನ್ನ ಬಾಯಿಂದ ಕೇಳದವರು ಚನ್ನರಾಯಪಟ್ಟಣದಲ್ಲಿ ಯಾರೂ ಉಳಿದಿಲ್ಲ. ಕೆಲವರು ನನ್ನನ್ನು ಕಂಡರೆ ರಸ್ತೆ ದಾಟಿಬಿಡುತ್ತಾರೆ. ಇಂಥ ಕಣ್ಣಿರುವವನು ನಿವೃತ್ತನಾದ ಮೇಲೆ ಚಿತ್ರ ಬರೆಯುವುದು ತೀರಾ ಸಹಜವೆಂದು ನನಗೆ ತೋರಿತು.

ನನ್ನ ಹೆಂಡತಿಗೆ ಹಾಗೆ ತೋರಲಿಲ್ಲ. ಹೋದ ವರ್ಷ ನಾನು ಕೊಂಡು ತಂದ ಹಾರ್ಮೋನಿಯಂ ಮೇಲೆ ಅವಳು ಇಸ್ತ್ರಿ ಬಟ್ಟೆ ಜೋಡಿಸುತ್ತಿದ್ದಳು. ಅದಾದ ಮೇಲಿನ ಜೇನುಪೆಟ್ಟಿಗೆ ಹಿತ್ತಲಲ್ಲಿ ಖಾಲಿ ಬಿದ್ದಿತ್ತು. ಹುಳುಗಳೇ ಬೇಸತ್ತು ಹೊರಟುಹೋಗಿದ್ದವು. ಹಾಸನದಿಂದ ಎಣ್ಣೆಬಣ್ಣದ ಟ್ಯೂಬು, ಕ್ಯಾನ್ವಾಸು ಹೊತ್ತು ಬಂದ ದಿನ ಅವಳು ಹೇಳಿದ್ದು ಇಷ್ಟೇ: "ಇದೊಂದನ್ನಾದ್ರೂ ಮುಗ್ಸಿ ಕಣ್ರೀ. ಅರ್ಧಕ್ಕೆ ಬುಟ್ಟು ನೀವು ಮಂಕಾಗಿ ಕೂತ್ಕಂಡ್ರೆ ನನ್ ಕೈಲಿ ನೋಡಕಾಗಲ್ಲ."

ನಾನು ಮಂಕಾಗಿ ಕೂರುತ್ತೇನೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಹಾಸನದಲ್ಲಿ ಭಾನುವಾರ ಪಾಠ ಹೇಳುವ ಚಿತ್ರದ ಮೇಷ್ಟ್ರದು ಒಂದೇ ನಿಯಮ. ಫೋಟೋ ನೋಡಿ ಬರೆಯಕೂಡದು, ಹಣ್ಣನ್ನು ಎದುರಿಗೇ ಇಟ್ಟುಕೊಂಡು ಬರೆಯಬೇಕು. ಸರಿ, ಹಜಾರದ ಕಿಟಕಿ ಪಕ್ಕ ಸ್ಟೂಲು, ಅದರ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಒಂದು ಪರಂಗಿ, ಮೂರು ಸೀಬೆ, ಒಂದು ಚಿಪ್ಪು ಬಾಳೆಹಣ್ಣು. ಯಾರೂ ಮುಟ್ಟಕೂಡದೆಂದು ಅಪ್ಪಣೆ ಮಾಡಿದೆ. ಮನೆಯಲ್ಲಿ ಇದ್ದದ್ದು ಅವಳೊಬ್ಬಳೇ.

ಎಣ್ಣೆಬಣ್ಣ ಬೇಗ ಒಣಗುವುದಿಲ್ಲ. ಒಂದು ಪದರ ಹಚ್ಚಿದರೆ ಮುಂದಿನದಕ್ಕೆ ಮೂರು ದಿನ ಕಾಯಬೇಕು. ಹಣ್ಣಾದ ಪರಂಗಿ ಅಷ್ಟು ಕಾಯುವುದಿಲ್ಲ ಎಂಬುದು ಅಡುಗೆಮನೆ ಹೊಕ್ಕವರಿಗೆಲ್ಲ ಗೊತ್ತು, ನನಗೆ ಗೊತ್ತಿರಲಿಲ್ಲ. ನನ್ನ ಪರಂಗಿ ಎರಡನೆಯ ವಾರವೂ ಫಳಫಳ ಹೊಳೆಯುತ್ತಿತ್ತು. ಒಳ್ಳೆಯ ತಳಿ ಎಂದುಕೊಂಡೆ.

ಜೀವ ತಿಂದದ್ದು ಅದರ ತೊಟ್ಟು. ಸೋಮವಾರ ಬಲಕ್ಕೆ ವಾಲಿದಂತೆ ಬರೆದಿದ್ದರೆ ಗುರುವಾರ ನೋಡುವಾಗ ನೆಟ್ಟಗಿರುತ್ತಿತ್ತು. ಹೊಟ್ಟೆಯೂ ಒಮ್ಮೆ ದಪ್ಪ, ಒಮ್ಮೆ ಸಣ್ಣ. ನನ್ನ ಕೈಯೇ ತಪ್ಪಿತೆಂದು ಬಣ್ಣ ಕೆರೆದು ತಿದ್ದುತ್ತಿದ್ದೆ. ಕನ್ನಡಕ ಬದಲಾಯಿಸಿದೆ. ಬೆಳಕಿನ ದೋಷವೆಂದು ಕಿಟಕಿಗೆ ಪರದೆ ಕಟ್ಟಿದೆ. ಕೊನೆಗೆ, ಕಸ ಗುಡಿಸುವಾಗ ಸ್ಟೂಲು ಅಲುಗಿಸುತ್ತಾಳೆಂದು ಅವಳ ಮೇಲೆ ಕೂಗಾಡಿದೆ. ಬೆಳಗ್ಗೆ ತಿಂಡಿಯ ಜೊತೆ ಪರಂಗಿ ಹೋಳು ಕೊಡುತ್ತಿದ್ದಳು, ಸಿಹಿಯಾಗಿದೆ ಎಂದು ತಿನ್ನುತ್ತಿದ್ದೆ. ಎಲ್ಲಿಂದ ಬಂತು ಎಂದು ಕೇಳುವಷ್ಟು ಬುದ್ಧಿ ಓಡಲಿಲ್ಲ.

ಮೂರನೆಯ ಭಾನುವಾರ ಮೇಷ್ಟ್ರಿಗೆ ತೋರಿಸೋಣವೆಂದು ಕ್ಯಾನ್ವಾಸು ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಟೆ. ಬಣ್ಣ ಹಸಿಯಿದ್ದದ್ದರಿಂದ ಅದನ್ನು ಸುತ್ತುವಂತಿರಲಿಲ್ಲ. ಮೆರವಣಿಗೆಯ ಬೋರ್ಡಿನಂತೆ ಎದೆಯ ಮುಂದೆ ಹಿಡಿದಿದ್ದೆ. ಮೊದಲ ದಿನ ನನಗೆ ಹಣ್ಣು ಕೊಟ್ಟ ಗಾಡಿಯ ಹೆಂಗಸು ಕರೆದಳು. "ಎಲ್ಲಿ ಸಾ, ತೋರ್ಸಿ."

ಹೊಗಳಿಕೆಗೆ ನಾನು ಯಾವತ್ತೂ ತಯಾರು. ನಿಂತು ತೋರಿಸಿದೆ. ಅವಳು ಕತ್ತು ವಾಲಿಸಿ ನೋಡಿದಳು.

"ಸೀಬೆ ಮೊನ್ನೆ ಅಮ್ಮಾವ್ರು ತಕಂಡೋಗಿದ್ದು. ಪರಂಗಿ ಯಾವ್ದು ಸಾ ಇದು? ತೊಟ್ಟು ನೋಡುದ್ರೆ ಮೊದಲ್ನೇದು, ಒಟ್ಟೆ ನೋಡುದ್ರೆ ಮೂರ್ನೇದು."

"ಮೂರನೇದಾ?"

"ಅಮ್ಮಾವ್ರು ಯೋಳ್ಲಿಲ್ವಾ? ಮೂರ್ ದಿನಕ್ಕೊಂದ್ಸಲ ಬತ್ತಾರೆ. ಗಾಡೀಲಿರೋದ್ನೆಲ್ಲ ತಿರುಗ್ಸಿ ತಿರುಗ್ಸಿ ನೋಡ್ತಾರೆ. ಇಷ್ಟುದ್ದ ಇರ್ಬೇಕು, ಎಡಗಡೆ ಅಸಿರು ಇನ್ನೂ ಒಸಿ ಇರ್ಬೇಕು, ತೊಟ್ಟು ವಾಲಿರ್ಬೇಕು, ನಮ್ಮೆಜಮಾನ್ರು ಅಂಗೇ ಬರ್ದವ್ರೆ ಅಂತಾರೆ. ಮೊನ್ನೆ ನನ್ ತಾವ ಸಿಗ್ಲಿಲ್ಲ ಅಂತ ಆ ಬಿಸ್ಲಲ್ಲಿ ಮಾರ್ಕೆಟ್ ತಂಕ ನಡ್ಕಂಡೋದ್ರು."

ಹಾಸನದ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ನಾಚಿಕೆಯಾಯಿತು. ಒಂದಡಿ ಬದು ಹಿಡಿದ ಈ ಮಹಾನುಭಾವನ ಕಣ್ಣು, ಮೂರಡಿ ದೂರದ ತಟ್ಟೆಯಲ್ಲಿ ಹಣ್ಣು ಬದಲಾಗಿದ್ದನ್ನು ಕಂಡಿರಲಿಲ್ಲ. ಸಾಲದ್ದಕ್ಕೆ ಬದಲಾದ ಹಣ್ಣನ್ನೆಲ್ಲ ತಿಂದು ಮುಗಿಸಿತ್ತು ನನ್ನ ಬಾಯಿ.

ಮನೆಗೆ ಬಂದಾಗ ಅವಳು ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ತಟ್ಟೇಲಿರೋ ಪರಂಗಿ ಎಷ್ಟನೇದು?" ಎಂದೆ.

ಅವಳು ತಲೆ ಎತ್ತಲಿಲ್ಲ. "ಐದ್ನೇದು. ಹಣ್ಣು ಕೊಳ್ತ್ರೆ ನೀವೂ ಬುಟ್ಬುಡ್ತೀರ ಅಂತ ತಂದಿಟ್ಟೆ. ನಾನು ನಿಮ್ ಚಿತ್ರ ನೋಡ್ಕಂಡು ಹಣ್ಣು ತತ್ತೀನಿ, ನೀವು ಹಣ್ಣು ನೋಡ್ಕಂಡು ಚಿತ್ರ ಬದ್ಲಾಯಿಸ್ತೀರ. ಎಂಗ್ರೀ ಮುಗ್ದಾತು?"

ನಗು ಬಂತು. ಆಮೇಲೆ, ಸ್ಟೂಲು ಅಲುಗಿಸುತ್ತೀಯೆಂದು ಕೂಗಾಡಿದ್ದು ನೆನಪಾಯಿತು. ತಪ್ಪಾಯಿತು ಎಂದು ಹೇಳಬೇಕಿತ್ತು. ಅದರ ಬದಲು, ಇವತ್ತೇ ಮುಗಿಸುತ್ತೇನೆ ಎಂದಷ್ಟೇ ಹೇಳಿ ಹಜಾರಕ್ಕೆ ಹೋಗಿ ಕುಳಿತೆ.

ಸಂಜೆಯ ಬೆಳಕು ಇಳಿಯುವ ಹೊತ್ತಿಗೆ ಬಾಳೆ, ಸೀಬೆ, ತಟ್ಟೆ ಎಲ್ಲ ಆದವು. ಪರಂಗಿಯ ಮುಂದೆ ಮತ್ತೆ ಕೈ ತಡವರಿಸಿತು. ಕುಳಿತಲ್ಲಿಂದಲೇ ಕೂಗಿದೆ: "ಇದರ ತೊಟ್ಟು ಹೇಗಿದೆ, ನೀನೇ ಹೇಳು."

ಒಳಗಿಂದ ಪಾತ್ರೆ ತೊಳೆಯುವ ಸದ್ದು ನಿಂತಿತು. "ಬಲಕ್ಕೆ ಒಂಚೂರು ವಾಲೈತೆ. ಕೆಳ್ಗಡೆ, ಕಿಟಕಿ ಕಡೀಕೆ, ಉಗುರಷ್ಟು ಒಂದು ಕರೀ ಮಚ್ಚೆ ಐತೆ. ಅದನ್ನ ನೀವು ಬರ್ದೇ ಇಲ್ಲ."

ಎದ್ದು ಹೋಗಿ, ಕನ್ನಡಕ ಸರಿಮಾಡಿಕೊಂಡು, ಬಗ್ಗಿ ನೋಡಿದೆ. ಮಚ್ಚೆ ಇತ್ತು. ಸಣ್ಣ ಕುಂಚ ಹುಡುಕಿ ತಂದು, ಎಲ್ಲಕ್ಕಿಂತ ಕೊನೆಯದಾಗಿ ಅದನ್ನು ಬರೆದೆ.