ಹುಲ್ಲಿನ ಸೂರಿನಿಂದ ಬಂದ ಸದ್ದು

ಮೇಯುವ ಸದ್ದು ಇನ್ನೂ ಕೇಳುತ್ತಿತ್ತು. ನಂದಗುಡಿ ಹತ್ತಿರದ ನಮ್ಮ ಹಳೆಯ ಹುಲ್ಲಿನ ಮನೆಯಲ್ಲಿ ಆ ಬೆಳಿಗ್ಗೆಯಷ್ಟೇ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟಿಗಳಿಗೆ ಬಿಟ್ಟಿದ್ದೆವು. ಗೂಡಿಗೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ಮೇವಿನ ತಟ್ಟೆಗಳೆಲ್ಲ ಖಾಲಿ. ಆದರೂ ಕರಕರ ಸದ್ದು ನಿಂತಿರಲಿಲ್ಲ.

ಅತ್ತೆಯನ್ನು ಕರೆದೆ. ಅವರು ಕಿವಿಗೊಟ್ಟು ಕೇಳಿ, ನಿಧಾನವಾಗಿ ತಲೆಯೆತ್ತಿ ಸೂರು ನೋಡಿದರು. ಅವರ ಸೆರಗಿನ ಮೇಲೆ ಹಿಟ್ಟಿನಂಥ ಪುಡಿ ಉದುರಿತು.

“ಹೊಗೆ ಹುಳಕ್ಕೆ ಆಗಲ್ಲ ಅಂತ ಒಲೆ ಆಚೆಗೆ ಹಾಕಿದ್ವಲ್ಲ, ಆ ಹೊಗೆನೇ ಕಣಮ್ಮ ಸೂರು ಕಾಯ್ತಿದ್ದಿದ್ದು. ಬಿದಿರಿಗೆಲ್ಲ ಕುಟ್ಟೆಹುಳ ಹಿಡ್ದೈತೆ.”

ಗೋಡೆಯಂಚಿನಲ್ಲಿ ಕೈಗೆಟುಕುವ ಬಿದಿರಿನ ಗಳವೊಂದನ್ನು ಒತ್ತಿದೆ. ಬೆರಳು ಒಳಗಿಳಿಯಿತು. ಮಾವನವರ ತಾತನ ಕಾಲದಿಂದ ಹಳೆ ಹುಲ್ಲಿನ ಮೇಲೆ ಹೊಸದು ಹೊದಿಸುತ್ತ ಬಂದ ಭಾರವೆಲ್ಲ ಇಂಥ ಗಳಗಳ ಮೇಲೆಯೇ ಇತ್ತು. ಇಬ್ಬರೂ ಹೆಜ್ಜೆ ಸದ್ದೂ ಆಗದಂತೆ ಅಂಗಳಕ್ಕೆ ಬಂದು ನಿಂತೆವು.

ಈಗ ಗಳಗಳನ್ನು ಬದಲಿಸಿ ಒಲೆಯನ್ನು ಮತ್ತೆ ಒಳಗಿಟ್ಟಿದ್ದೇವೆ, ಹುಳು ಸಾಕಣೆ ಅಂಗಳದಾಚೆ ಹಾಕಿಸಿದ ಶೆಡ್ಡಿಗೆ ಹೋಗಿದೆ. ರೇಷ್ಮೆಹುಳುವಿನ ಸದ್ದೆಂದುಕೊಂಡು ಅಷ್ಟು ದಿನ ಆ ಸೂರಿನ ಕೆಳಗೆ ನೆಮ್ಮದಿಯಾಗಿ ಮಲಗುತ್ತಿದ್ದೆ. ಈಗ ಸದ್ದೇ ಇಲ್ಲದ ಮನೆಯಲ್ಲಿ ನಿದ್ದೆ ಬರುತ್ತಿಲ್ಲ.